ಮಕ್ಕಳ ಮನೆಗೆ ಇಂಗ್ಲೆಂಡಿಗೆ ಹೋದಾಗ: ಹಳೆಯ ಕೆಥೆಡ್ರಲ್‌ಗಳನ್ನು ಮನೆಮಂದಿಯೆಲ್ಲ ನೋಡುವ ಬಗೆ

ಹಾಸನ, ಚಿಕ್ಕಮಗಳೂರು ಕಡೆಯ ಹಿರಿಯರು ಮಗನ ಮನೆಗೋ ಮಗಳ ಮನೆಗೋ ಇಂಗ್ಲೆಂಡಿಗೆ ಹೋದಾಗ ಹೆಚ್ಚಿನವರ ಕಥೆ ಒಂದೇ. ಮೊದಲ ವಾರ ನಿದ್ದೆ ಏರುಪೇರು. ಆಮೇಲೆ ಮಕ್ಕಳು ಕೆಲಸಕ್ಕೆ ಹೋದರೆ ಮನೆಯೊಳಗೆ ಇವರಿಬ್ಬರೇ. ಹೊರಡುವ ವಾರ ಗಡಿಬಿಡಿಯಲ್ಲಿ ಲಂಡನ್ನಿನ ಹತ್ತು ಕಟ್ಟಡಗಳ ಮುಂದೆ ನಿಂತು ಫೋಟೊ. ಬೇಲೂರು, ಹಳೇಬೀಡು ನೋಡಿಕೊಂಡೇ ಬೆಳೆದವರಿಗೆ ಇದು ದೊಡ್ಡ ನಷ್ಟ. ಕಲ್ಲಿನ ಕೆಲಸ ನೋಡುವ ಕಣ್ಣು ಅವರಿಗೆ ಮೊದಲೇ ಇದೆ. ಅಲ್ಲಿಯ ಕೆಥೆಡ್ರಲ್‌ಗಳು, ಅಂದರೆ ಬಿಷಪ್ಪರ ಪೀಠವಿರುವ ದೊಡ್ಡ ಚರ್ಚುಗಳು, ಅಂಥ ಕಣ್ಣಿಗೇ ಹೇಳಿ ಮಾಡಿಸಿದಂತಿವೆ. ಜಾಗ ಸರಿಯಾಗಿ ಆರಿಸಿ, ಕೂರಲು ಅವಕಾಶ ಮಾಡಿ, ಹೊತ್ತು ಕೊಟ್ಟರೆ ಸಾಕು, ಮೊಮ್ಮಕ್ಕಳಿಗೆ ತೋರಿಸಿ ಹೇಳುವವರು ಅಜ್ಜ-ಅಜ್ಜಿಯೇ ಆಗುತ್ತಾರೆ. ಅದಕ್ಕೆ ಬೇಕಾದ ತಯಾರಿ ಊರಿನಲ್ಲೇ ಶುರುವಾಗಬೇಕು.

ಕಾಗದಪತ್ರ

ಪಾಸ್‌ಪೋರ್ಟ್ ಇಲ್ಲದವರು ಹಾಸನದ ಅಂಚೆ ಕಚೇರಿ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲೇ ಕೆಲಸ ಮುಗಿಸಬಹುದು. ಇಲ್ಲಿ ತೊಡಕಾಗುವುದು ಹೆಸರಿನಲ್ಲಿ. ನಮ್ಮ ಕಡೆ ಊರು ಮತ್ತು ತಂದೆಯ ಹೆಸರು ಇನಿಷಿಯಲ್ ಆಗಿ ಹೆಸರಿನ ಮುಂದೆ ಕೂರುತ್ತವೆ. ಪಾಸ್‌ಪೋರ್ಟಿನಲ್ಲಿ ಅವನ್ನು ಬಿಡಿಸಿ ಬರೆಯಬೇಕು. ಆಧಾರ್‌ನಲ್ಲಿ ಒಂದು ಬಗೆ, ಪಿಂಚಣಿ ಪುಸ್ತಕದಲ್ಲಿ ಇನ್ನೊಂದು, ಪಹಣಿಯಲ್ಲಿ ಮತ್ತೊಂದು ಇದ್ದರೆ ವೀಸಾ ಹೊತ್ತಿಗೆ ಒಬ್ಬರೇ ಮೂವರಾಗಿ ಕಾಣುತ್ತಾರೆ. ಮೊದಲು ಆಧಾರ್ ಸರಿಪಡಿಸಿ, ಅದರಂತೆ ಪಾಸ್‌ಪೋರ್ಟ್ ಮಾಡಿಸಿ, ಆಮೇಲೆ ವೀಸಾ ಯೋಚನೆ.

ಬ್ರಿಟನ್ನಿಗೆ ಬೇಕಾದ್ದು ಸ್ಟ್ಯಾಂಡರ್ಡ್ ವಿಸಿಟರ್ ವೀಸಾ. ಒಂದು ಭೇಟಿಗೆ ಗರಿಷ್ಠ 6 ತಿಂಗಳು. ಹೊರಡುವ ದಿನಕ್ಕೆ 3 ತಿಂಗಳು ಉಳಿದ ಮೇಲಷ್ಟೇ ಅರ್ಜಿ ಹಾಕಬಹುದು. ಆನ್‌ಲೈನ್‌ನಲ್ಲಿ ಅರ್ಜಿ ತುಂಬಿ, ಬೆಂಗಳೂರಿನ ವೀಸಾ ಕೇಂದ್ರಕ್ಕೆ ಹೋಗಿ ಬೆರಳಚ್ಚು, ಫೋಟೊ ಕೊಡಬೇಕು. ಅಲ್ಲಿಂದ ಸಾಮಾನ್ಯವಾಗಿ 3 ವಾರ. ಗಂಡ-ಹೆಂಡತಿಗೆ ಬೇರೆ ಬೇರೆ ಅರ್ಜಿ, ಬೇರೆ ಬೇರೆ ಶುಲ್ಕ. ವಿಮಾನದ ಟಿಕೆಟ್ ವೀಸಾ ಬಂದ ಮೇಲೆ ತೆಗೆದುಕೊಳ್ಳಿ.

ಅರ್ಜಿ ನೋಡುವ ಅಧಿಕಾರಿಗೆ ಮುಖ್ಯವಾಗಿ ತಿಳಿಯಬೇಕಾದ್ದು ಎರಡು: ಖರ್ಚು ಯಾರದು, ಇವರು ವಾಪಸ್ ಹೋಗುತ್ತಾರಾ. ಮೊದಲನೆಯದಕ್ಕೆ ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್. ಖರ್ಚು ಮಕ್ಕಳದಾದರೆ ಅವರ ಸಂಬಳದ ಚೀಟಿ, ಅಲ್ಲಿ ವಾಸಕ್ಕಿರುವ ಅನುಮತಿಯ ದಾಖಲೆ, ಕರೆಯೋಲೆ. ಅರ್ಜಿಗೆ ಮುಂಚೆ ಯಾರಿಂದಲೋ ಐದು ಲಕ್ಷ ಹಾಕಿಸಿಕೊಂಡು ಖಾತೆ ತುಂಬಿಸುವ ಅಭ್ಯಾಸ ಬಿಡಿ. ಎಲ್ಲಿಂದ ಬಂತೆಂದು ತೋರಿಸಲಾಗದ ಹಣ ಅರ್ಜಿ ತಿರಸ್ಕಾರಕ್ಕೆ ಕಾರಣವಾಗುತ್ತದೆ. ಎರಡನೆಯದಕ್ಕೆ ಪಿಂಚಣಿ ಆದೇಶ, ಮನೆ ಕಂದಾಯದ ರಸೀದಿ, ತೋಟದ ಪಹಣಿ, ಕಾಫಿ ಮಾರಿದ ಬಿಲ್ಲುಗಳು ಗಟ್ಟಿ ಆಧಾರ. ಆದರೆ ಪಹಣಿ ಕನ್ನಡದಲ್ಲಿರುತ್ತದೆ. ಕನ್ನಡದ ಪ್ರತಿಯೊಂದು ಕಾಗದದ ಜೊತೆ ಇಂಗ್ಲಿಷ್ ಅನುವಾದ ಇರಬೇಕು. ಮೂಲಕ್ಕೆ ಸರಿಯಾಗಿದೆ ಎಂಬ ಮಾತು, ಅನುವಾದಕರ ಪೂರ್ತಿ ಹೆಸರು, ಸಹಿ, ತಾರೀಖು, ಸಂಪರ್ಕ ವಿವರ ಅದರಲ್ಲಿ ಇರಬೇಕು. ಅನುವಾದವಿಲ್ಲದ ಪಹಣಿಯನ್ನು ಅವರು ಲೆಕ್ಕಕ್ಕೇ ತೆಗೆದುಕೊಳ್ಳದಿರಬಹುದು.

ಅಲ್ಲಿ ಇಳಿದಾಗ ಅಧಿಕಾರಿ ಯಾಕೆ ಬಂದಿರಿ ಎಂದು ಕೇಳಬಹುದು. ಮನೆಯವರನ್ನು ನೋಡಲು, ಊರು ಸುತ್ತಲು, ಇಷ್ಟು ವಾರಕ್ಕೆ, ಇಂಥ ದಿನ ವಾಪಸ್ ಎಂದು ಅರ್ಜಿಯಲ್ಲಿ ಬರೆದದ್ದನ್ನೇ ಹೇಳಿ. ಮಗು ನೋಡಿಕೊಳ್ಳುವ ಕೆಲಸಕ್ಕೇ ಕರೆಸಿದ್ದಾರೆ ಎಂಬ ಭಾವನೆ ಅವರಿಗೆ ಬಂದರೆ ಪ್ರಶ್ನೆ ಬೆಳೆಯುತ್ತದೆ. ಮಗಳ ಮನೆಯ ವಿಳಾಸ, ಫೋನ್ ನಂಬರು ಕಾಗದದಲ್ಲಿ ಬರೆದು ಜೇಬಿನಲ್ಲಿರಲಿ. ಇಳಿಯುವ ಹೊತ್ತಿಗೆ ಮೊಬೈಲ್ ಚಾರ್ಜ್ ಮುಗಿದಿರುವುದು ತೀರ ಸಾಮಾನ್ಯ.

ವಿಮೆ ಊರಲ್ಲೇ ಮಾಡಿಸಿ. ಬಿಪಿ, ಸಕ್ಕರೆ ಕಾಯಿಲೆ, ಹಿಂದೆ ಹಾಕಿಸಿದ ಸ್ಟೆಂಟ್ ಎಲ್ಲವನ್ನೂ ಬರೆಸಿ. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಪ್ರವಾಸಿಗರಿಗೂ ಹಣ ಕೇಳುವುದಿಲ್ಲ, ನಿಜ. ಆದರೆ ಒಳಗೆ ದಾಖಲಾದ ಗಳಿಗೆಯಿಂದ ಅಲ್ಲಿಯ ದರದ ಒಂದೂವರೆ ಪಟ್ಟು ಬಿಲ್ಲು ಬೀಳುತ್ತದೆ. ಅಗ್ಗದ ಪಾಲಿಸಿಗಳು ಹಳೆಯ ಕಾಯಿಲೆಗೆ ಪ್ರಾಣಾಪಾಯವಿದ್ದಾಗ ಮಾತ್ರ ಕೊಡುತ್ತವೆ. ಆ ಸಾಲನ್ನು ಹುಡುಕಿ ಓದಿ ಸಹಿ ಹಾಕಿ.

ಚೀಲಕ್ಕೆ ಏನು, ಏನು ಬೇಡ

ಭಾರತದಿಂದ ಬ್ರಿಟನ್ನಿಗೆ ಹೋಗುವವರು ಮಾಂಸ ಮತ್ತು ಹಾಲಿನ ಪದಾರ್ಥ ಒಯ್ಯುವಂತಿಲ್ಲ. ಮನೆಯ ತುಪ್ಪ, ಪೇಡ, ಖೋವಾ ಹಾಕಿದ ಸಿಹಿ ಯಾವುದೂ ಬೇಡ. ಸಿಕ್ಕಿದರೆ ಅಲ್ಲೇ ತೆಗೆದು ಎಸೆಯುತ್ತಾರೆ. ಸೊಪ್ಪು, ಬೀಜ, ಗಿಡದ ತುಂಡು ಕೂಡ ಬಿಟ್ಟೇ ಹೋಗಿ. ಅರಸೀಕೆರೆ ಕಡೆಯವರಿಗೆ ವಿಶೇಷ ಎಚ್ಚರಿಕೆ: ಒಣ ಕೊಬ್ಬರಿ ಬೆಂಗಳೂರಿನಲ್ಲೇ ತಡೆಹಿಡಿಯಲ್ಪಡುತ್ತದೆ. ಅದರ ಎಣ್ಣೆಯಂಶ ಬಿಸಿಗೆ ಹೊತ್ತಿಕೊಳ್ಳಬಹುದೆಂದು ವಿಮಾನದವರು ಬಿಡುವುದಿಲ್ಲ. ಕರ್ಪೂರ, ಬೆಂಕಿಪೊಟ್ಟಣಕ್ಕೂ ಇದೇ ಗತಿ. ಚಿಕ್ಕಮಗಳೂರಿನ ಕಾಫಿಪುಡಿ, ಚಟ್ನಿಪುಡಿ, ಸಾರಿನಪುಡಿ, ಪುಳಿಯೋಗರೆ ಗೊಜ್ಜು ಧಾರಾಳವಾಗಿ ಹೋಗುತ್ತವೆ. ಗೊಜ್ಜು, ಉಪ್ಪಿನಕಾಯಿಯನ್ನು ಎರಡು ಪದರ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ದೊಡ್ಡ ಪೆಟ್ಟಿಗೆಗೆ ಹಾಕಿ. ಕೈಚೀಲದಲ್ಲಿ 100 ಎಂಎಲ್‌ಗಿಂತ ದೊಡ್ಡ ಡಬ್ಬಿಯನ್ನು ತೆಗೆದಿಡುತ್ತಾರೆ.

ಮಾತ್ರೆಗಳು ಕೈಚೀಲದಲ್ಲೇ ಇರಲಿ, ಡಾಕ್ಟರ ಚೀಟಿಯಲ್ಲಿ ಔಷಧದ ಮೂಲ ಹೆಸರು ಬರೆಸಿ. ಇಲ್ಲಿಯ ಬ್ರ್ಯಾಂಡ್ ಹೆಸರು ಅಲ್ಲಿಯ ಔಷಧಿ ಅಂಗಡಿಯವರಿಗೆ ಅರ್ಥವಾಗದು. ಅಲ್ಲಿಯ ಪ್ಲಗ್ಗಿಗೆ ಚಪ್ಪಟೆ ಮೂರು ಕಾಲು, ಒಂದು ಅಡಾಪ್ಟರ್ ಬೇಕು. ಶೌಚಾಲಯಗಳಲ್ಲಿ ನೀರಿನ ಕೊಳಾಯಿ ಇರುವುದಿಲ್ಲವಾದ್ದರಿಂದ ಅರ್ಧ ಲೀಟರಿನ ಖಾಲಿ ಬಾಟಲಿ ಸದಾ ಚೀಲದಲ್ಲಿರಲಿ; ಹಿರಿಯರು ಇದಕ್ಕೆ ಮುಜುಗರಪಟ್ಟುಕೊಂಡೇ ದಿನವಿಡೀ ನೀರು ಕುಡಿಯದೆ ಸುಸ್ತಾಗುತ್ತಾರೆ.

ಇನ್ನೊಂದು ವಸ್ತು ತಪ್ಪದೆ ಇಡಿ: ಚಿಕ್ಕ ಬೈನಾಕ್ಯುಲರ್. ಯಾಕೆಂದು ಮುಂದೆ ಹೇಳುತ್ತೇವೆ.

ಹಾಸನದಿಂದ ಬೆಂಗಳೂರಿಗೆ ಸುಮಾರು 185 ಕಿ.ಮೀ., ಅಲ್ಲಿಂದ ವಿಮಾನ ನಿಲ್ದಾಣ ಇನ್ನೂ ಮುಂದೆ. ನೆಲಮಂಗಲದ ಹತ್ತಿರ ಎಷ್ಟು ಹೊತ್ತು ನಿಲ್ಲಬೇಕಾಗುತ್ತದೋ ಹೇಳಲು ಬಾರದು. ದಾರಿಗೆ ಆರು ಗಂಟೆ, ನಿಲ್ದಾಣದಲ್ಲಿ ಮೂರು ಗಂಟೆ ಲೆಕ್ಕ ಹಾಕಿ ಹೊರಡಿ. ಮಂಡಿ ನೋವಿದ್ದರೆ ಟಿಕೆಟ್ ಮಾಡುವಾಗಲೇ ವೀಲ್‌ಚೇರ್ ಕೇಳಿ. ನಡೆಯಬಲ್ಲವರೂ ಕೇಳಬಹುದು, ನಿಲ್ದಾಣದ ಒಳಗಿನ ನಡಿಗೆಯೇ ಕಿಲೋಮೀಟರ್ ದಾಟುತ್ತದೆ.

ಊರಲ್ಲೇ ಒಂದು ತಾಲೀಮು

ಹೊರಡುವ ಮುಂಚೆ ಎರಡು ಜಾಗ ಮತ್ತೆ ನೋಡಿ. ಒಂದು ಶೆಟ್ಟಿಹಳ್ಳಿಯ ಹಾಳುಬಿದ್ದ ಚರ್ಚು. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು, ಗೊರೂರು ಅಣೆಕಟ್ಟೆಯ ಹಿನ್ನೀರಿಗೆ ಸಿಕ್ಕಿ ಮಳೆಗಾಲದಲ್ಲಿ ಅರ್ಧ ಮುಳುಗುತ್ತದೆ. ಬೇಸಿಗೆಯಲ್ಲಿ ನೀರು ಇಳಿದಾಗ ಒಳಗೇ ನಡೆಯಬಹುದು. ಮೇಲೆ ಚೂಪಾಗಿ ಸೇರುವ ಕಮಾನು, ಉದ್ದನೆಯ ನಡುಸಾಲು, ಇಕ್ಕೆಲದ ಕಂಬ, ತುದಿಯಲ್ಲಿ ಪೂಜಾಪೀಠದ ಜಾಗ: ಗಾಥಿಕ್ ಎಂಬ ಹಳೆಯ ಯುರೋಪಿನ ಶೈಲಿಯ ಕಟ್ಟಡದ ಅಂಗಾಂಗ ಇಲ್ಲಿ ಬೆತ್ತಲಾಗಿ ನಿಂತಿದೆ. ಇದನ್ನು ನೋಡಿದವರಿಗೆ ಇಂಗ್ಲೆಂಡಿನ ಕೆಥೆಡ್ರಲ್ ಊರಾದ ಕ್ಯಾಂಟರ್‌ಬರಿಯಲ್ಲಿ ಏನು ಎಲ್ಲಿದೆ ಎಂದು ಹೇಳಿಕೊಡಬೇಕಾಗಿಲ್ಲ.

ಇನ್ನೊಂದು ಬೇಲೂರು. ಈ ಸಲ ನವರಂಗದ ಕಂಬಗಳನ್ನು ನಿಧಾನವಾಗಿ ನೋಡಿ, ತಾರೀಖು ನೆನಪಿಟ್ಟುಕೊಳ್ಳಿ. ವಿಷ್ಣುವರ್ಧನ ಚೆನ್ನಕೇಶವನ ಪ್ರತಿಷ್ಠೆ ಮಾಡಿಸಿದ್ದು 1117ರಲ್ಲಿ. ಇಂಗ್ಲೆಂಡಿನ ಉತ್ತರದಲ್ಲಿ ಡರ್ಹಮ್ ಕೆಥೆಡ್ರಲ್ ಶುರುವಾದದ್ದು 1093, ಮುಖ್ಯ ಕಟ್ಟಡ ಮುಗಿದದ್ದು 1133. ಬೇಲೂರಿನ ಶಿಲ್ಪಿ ಬಳಪದ ಕಲ್ಲಿನ ಮೇಲೆ ಉಳಿ ಆಡಿಸುತ್ತಿದ್ದ ಹೊತ್ತಿನಲ್ಲೇ ಅಲ್ಲಿಯ ಕಲ್ಲುಕುಟಿಗ ಮರಳುಗಲ್ಲನ್ನು ಕಡಿಯುತ್ತಿದ್ದ.

ಯಾವುದನ್ನು ಆರಿಸಬೇಕು

ಆರು ವಾರದ ಭೇಟಿಗೆ ನಾಲ್ಕು ಕೆಥೆಡ್ರಲ್ ಸಾಕು. ಒಂದು ದಿನಕ್ಕೆ ಒಂದೇ. ಎರಡು ಇಟ್ಟುಕೊಂಡರೆ ಎರಡನೆಯದರಲ್ಲಿ ಎಲ್ಲರೂ ಬೆಂಚು ಹುಡುಕುತ್ತಾರೆ. ಬಂದ ಮೊದಲ ನಾಲ್ಕು ದಿನ ಏನೂ ಬೇಡ. ಬೇಸಿಗೆಯಲ್ಲಿ ನಾಲ್ಕೂವರೆ ಗಂಟೆ, ಚಳಿಗಾಲದಲ್ಲಿ ಐದೂವರೆ ಗಂಟೆ ಅವರು ನಮಗಿಂತ ಹಿಂದೆ, ಮೈ ಅದಕ್ಕೆ ಹೊಂದಿಕೊಳ್ಳಬೇಕು. ಮೇಯಿಂದ ಸೆಪ್ಟೆಂಬರ್ ಒಳ್ಳೆಯ ಕಾಲ. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕಕ್ಕೆ ಕತ್ತಲು, ಬಣ್ಣದ ಗಾಜೆಲ್ಲ ಕಪ್ಪು.

ಮೊದಲು ನೋಡಬೇಕಾದ್ದು ಸಾಲ್ಸ್‌ಬರಿ ಎಂಬುದು ನಮ್ಮ ಅಭಿಪ್ರಾಯ. ಲಂಡನ್ನಿನ ವಾಟರ್ಲೂ ನಿಲ್ದಾಣದಿಂದ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆ. ಊರು ಸಮತಟ್ಟು, ಮಂಡಿಗೆ ಹಿತ. ಮುಖ್ಯ ಕಟ್ಟಡ 1220ರಿಂದ 1258ರೊಳಗೆ ಒಂದೇ ಪಟ್ಟಿನಲ್ಲಿ ಎದ್ದದ್ದರಿಂದ ಶೈಲಿ ಕಲಬೆರಕೆಯಾಗಿಲ್ಲ, ಮೊದಲ ಸಲ ನೋಡುವವರಿಗೆ ಗೊಂದಲವಾಗುವುದಿಲ್ಲ. ಆಮೇಲೆ ಏರಿಸಿದ ಗೋಪುರ 123 ಮೀಟರ್, ಬ್ರಿಟನ್ನಿನ ಚರ್ಚುಗಳಲ್ಲೇ ಎತ್ತರ. ಅದರ ಭಾರ ಸುಮಾರು 6500 ಟನ್, ಮೊದಲು ಹಾಕಿದ ಕಂಬಗಳಿಗೆ ಆ ಲೆಕ್ಕ ಇರಲಿಲ್ಲ. ನಾಲ್ಕು ದಾರಿ ಕೂಡುವ ನಡುಜಾಗದಲ್ಲಿ ನಿಂತು, ಒಂದು ಕಂಬಕ್ಕೆ ಕೆನ್ನೆ ಹತ್ತಿರ ತಂದು ಮೇಲಕ್ಕೆ ನೋಡಿ. ಕಲ್ಲಿನ ಕಂಬ ಬಿಲ್ಲಿನಂತೆ ಬಾಗಿರುವುದು ಬರಿಗಣ್ಣಿಗೇ ಕಾಣುತ್ತದೆ. ಪಕ್ಕದ ಎಂಟು ಮೂಲೆಯ ಸಭಾಗೃಹದಲ್ಲಿ ರಾಜನೂ ಕಾನೂನಿಗೆ ಬದ್ಧ ಎಂದು ಸಾರಿದ 1215ರ ಸನ್ನದು ಮ್ಯಾಗ್ನಾ ಕಾರ್ಟಾದ ಉಳಿದಿರುವ ನಾಲ್ಕು ಪ್ರತಿಗಳಲ್ಲಿ ಒಂದಿದೆ. ಓದುವ ಮೊಮ್ಮಕ್ಕಳಿದ್ದರೆ ಅದಕ್ಕೆ ಅರ್ಧ ಗಂಟೆ ಬೇರೆ ಇಡಿ.

ಡರ್ಹಮ್‌ಗೆ ಲಂಡನ್ನಿನ ಕಿಂಗ್ಸ್ ಕ್ರಾಸ್‌ನಿಂದ ಸುಮಾರು ಮೂರು ಗಂಟೆ. ರೈಲು ನಿಲ್ದಾಣ ಒಂದು ಗುಡ್ಡದ ಮೇಲೆ, ಕೆಥೆಡ್ರಲ್ ನದಿಯಾಚೆಯ ಇನ್ನೊಂದು ಗುಡ್ಡದ ಮೇಲೆ. ಹಿರಿಯರಿದ್ದರೆ ಟ್ಯಾಕ್ಸಿಯೇ ಸರಿ. ಒಳಗೆ ಹೋಗಲು ಶುಲ್ಕವಿಲ್ಲ, ಇಷ್ಟವಿದ್ದಷ್ಟು ಕಾಣಿಕೆ. ಇಲ್ಲಿಯ ನಡುಸಾಲಿನ ದುಂಡು ಕಂಬಗಳೇ ನಮ್ಮವರಿಗೆ ಹಬ್ಬ. ಒಂದರ ಮೈಮೇಲೆ ಅಂಕುಡೊಂಕು ಗೆರೆ, ಒಂದರ ಮೇಲೆ ವಜ್ರಾಕಾರ, ಇನ್ನೊಂದಕ್ಕೆ ಮೇಲಿಂದ ಕೆಳಕ್ಕೆ ನೆಟ್ಟನೆಯ ಗೆರೆ. ಬೇಲೂರು, ಹಳೇಬೀಡಿನಲ್ಲಿ ಕಂಬವನ್ನು ತಿರುಗಿಸಿ ಕಡೆದ ನುಣುಪು ಉಂಗುರಗಳಿದ್ದರೆ ಇಲ್ಲಿ ಕಲ್ಲಿನ ಒಂದೊಂದು ತುಂಡಿನಲ್ಲೂ ಗೆರೆಯ ಪಾಲನ್ನು ಕೊರೆದು, ಜೋಡಿಸುತ್ತಾ ಹೋಗಿದ್ದಾರೆ. ಗೆರೆ ಸಂದಿಯಲ್ಲಿ ತಪ್ಪದೆ ಮುಂದಿನ ಕಲ್ಲಿಗೆ ದಾಟುವುದನ್ನು ಹತ್ತಿರ ನಿಂತು ಗಮನಿಸಿ. ಹಿಂದುಗಡೆ ನೆಲದಲ್ಲಿ ಒಂದು ಕಪ್ಪು ಕಲ್ಲಿನ ಪಟ್ಟಿ ಅಡ್ಡ ಹಾಯ್ದಿದೆ. ಸನ್ಯಾಸಿಗಳ ಕಾಲದಲ್ಲಿ ಹೆಂಗಸರು ಅದನ್ನು ದಾಟುವಂತಿರಲಿಲ್ಲ. ಅಜ್ಜಿ-ಮೊಮ್ಮಗಳು ಮಾತಾಡಿಕೊಳ್ಳಲು ಅದರಲ್ಲಿ ಬೇಕಾದಷ್ಟಿದೆ.

ಡರ್ಹಮ್‌ಗೆ ಹೊರಡುವ ಮುಂಚೆ ದಿನ ವಿಚಾರಿಸಿಕೊಳ್ಳಿ. ಅಲ್ಲಿಯ ವಿಶ್ವವಿದ್ಯಾಲಯದ ಘಟಿಕೋತ್ಸವ ಕೆಥೆಡ್ರಲ್ ಒಳಗೇ ನಡೆಯುತ್ತದೆ, ಆ ದಿನಗಳಲ್ಲಿ ಪ್ರವಾಸಿಗರಿಗೆ ಬಾಗಿಲು ಹಾಕಿರಬಹುದು. ಮೂರು ಗಂಟೆ ರೈಲಿನಲ್ಲಿ ಕೂತು ಹೋಗಿ ಹೊರಗೆ ನಿಲ್ಲುವ ಸಂಕಟ ಬೇಡ.

ಯಾರ್ಕ್‌ಗೆ ಹೋಗುವುದಾದರೆ ಬೆಳಿಗ್ಗೆಯೇ ಒಳಗಿರಿ. ಕಾರಣ ದಿಕ್ಕು. ಬೇಲೂರಿನ ದೇವರು ಪೂರ್ವಕ್ಕೆ ಮುಖ ಮಾಡಿ ನಿಂತಿದ್ದಾನೆ, ನಾವು ಪೂರ್ವದ ಗೋಪುರದಿಂದ ಒಳಬರುತ್ತೇವೆ. ಕೆಥೆಡ್ರಲ್‌ನ ಮುಖ್ಯ ಬಾಗಿಲು ಪಶ್ಚಿಮಕ್ಕೆ, ಪೂಜಾಪೀಠ ಪೂರ್ವದ ತುದಿಗೆ. ಪ್ರಾರ್ಥನೆಗೆ ಕೂತವರು ಪೂರ್ವಕ್ಕೆ ಮುಖ ಮಾಡಿರುತ್ತಾರೆ. ಹಾಗಾಗಿ ಪೂರ್ವದ ಗಾಜು ಬೆಳಗಿನ ಬಿಸಿಲಿಗೆ ಹೊಳೆಯುತ್ತದೆ, ಪಶ್ಚಿಮದ ಗಾಜು ಮಧ್ಯಾಹ್ನದ ಮೇಲೆ. ಯಾರ್ಕಿನ ಪೂರ್ವದ ದೊಡ್ಡ ಕಿಟಕಿಯನ್ನು ಜಾನ್ ಥಾರ್ನ್‌ಟನ್ ಎಂಬ ಗಾಜಿನ ಕುಶಲಿ 1405ರಿಂದ 1408ರೊಳಗೆ ಮುಗಿಸಿಕೊಟ್ಟ. ಎತ್ತರ 23 ಮೀಟರ್ ದಾಟುತ್ತದೆ, ಸೃಷ್ಟಿಯಿಂದ ಪ್ರಳಯದವರೆಗಿನ ಕಥೆ ಅದರಲ್ಲಿದೆ. ಹಳೇಬೀಡಿನಲ್ಲಿ ಆನೆಸಾಲು, ಸಿಂಹದ ಸಾಲು, ಕುದುರೆಸಾಲು, ರಾಮಾಯಣ-ಭಾರತ ಎಲ್ಲ ಹೊರಗೋಡೆಯಲ್ಲಿ, ಕೈಗೆಟಕುವ ಎತ್ತರದಲ್ಲಿವೆ. ಇಲ್ಲಿ ಕಥೆಯೆಲ್ಲ ಒಳಗೆ, ತಲೆಯ ಮೇಲೆ. ಬೈನಾಕ್ಯುಲರ್ ಇಲ್ಲದಿದ್ದರೆ ಬರೀ ಬಣ್ಣ ಕಂಡೀತು. ಕತ್ತು ನೋಯದಂತೆ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಕೂತು, ಒಂದೇ ಸಾಲು ಹಿಡಿದು ಒಂದೊಂದು ಚೌಕ ನೋಡಿ.

ನಾಲ್ಕನೆಯದು ಕ್ಯಾಂಟರ್‌ಬರಿ. ಸೇಂಟ್ ಪ್ಯಾಂಕ್ರಾಸ್‌ನಿಂದ ವೇಗದ ರೈಲಿಗೆ ಒಂದು ಗಂಟೆ ಹಿಡಿಯುತ್ತದೆ. ಆರ್ಚ್‌ಬಿಷಪ್ ಥಾಮಸ್ ಬೆಕೆಟ್ 29 ಡಿಸೆಂಬರ್ 1170ರಂದು ಇದರೊಳಗೇ ಕೊಲೆಯಾದ. ಆಮೇಲೆ ಮೂರೂವರೆ ಶತಮಾನ ಇದು ದೊಡ್ಡ ಯಾತ್ರಾಸ್ಥಳ. ಯಾತ್ರಿಕರು ಮಂಡಿಯೂರಿ ಹತ್ತಿದ ಮೆಟ್ಟಿಲುಗಳು ಸವೆದು ತಗ್ಗಾಗಿವೆ. ಹತ್ತುವಾಗ ಕಾಲು ಜಾರುತ್ತದೆ, ಕಂಬಿ ಹಿಡಿಯಿರಿ. ಬೆಕೆಟ್‌ನ ಸಮಾಧಿಯ ಮೇಲಿದ್ದ ಮಂಟಪವನ್ನು 1538ರಲ್ಲಿ ಎಂಟನೇ ಹೆನ್ರಿಯ ಆಜ್ಞೆಯಂತೆ ಒಡೆದರು, ಈಗ ಆ ಜಾಗದಲ್ಲಿ ಒಂದು ಮೇಣದಬತ್ತಿ ಉರಿಯುತ್ತಿರುತ್ತದೆ. ಇಂಗ್ಲೆಂಡಿನ ಅನೇಕ ಚರ್ಚುಗಳಲ್ಲಿ ತಲೆ ಹಾರಿದ ವಿಗ್ರಹಗಳನ್ನು ನೋಡಿ, ದಾಳಿ ಮಾಡಿದವರು ಯಾರು ಎಂದು ನಮ್ಮ ಹಿರಿಯರು ಕೇಳಿಯೇ ಕೇಳುತ್ತಾರೆ. ಹೊರಗಿನವರಲ್ಲ. ಹೆನ್ರಿ ರೋಮಿನ ಪೋಪನಿಂದ ಬೇರೆಯಾದ ಮೇಲೆ ಮತಸುಧಾರಣೆಯ ಹೆಸರಿನಲ್ಲಿ ಅಲ್ಲಿಯವರೇ ಒಡೆದದ್ದು.

ಲಂಡನ್ನಿನಲ್ಲಿ ವೆಸ್ಟ್‌ಮಿನ್‌ಸ್ಟರ್ ಅಬ್ಬೆ ಎಂಬ ಹಳೆಯ ದೊಡ್ಡ ಚರ್ಚಿಗೆ ಭಾನುವಾರ ಪ್ರವಾಸಿಗರಿಗೆ ಪ್ರವೇಶವಿಲ್ಲ, ಉಳಿದ ದಿನ ಮುಂಗಡ ಟಿಕೆಟ್ ತೆಗೆಯಿರಿ, ನೂಕುನುಗ್ಗಲು ಖಂಡಿತ. ನ್ಯೂಟನ್, ಡಾರ್ವಿನ್, ಹಾಕಿಂಗ್ ಮೂವರ ಸಮಾಧಿ ಹತ್ತಿರ ಹತ್ತಿರ ಇರುವುದು ವಿಜ್ಞಾನ ಓದುವ ಮಕ್ಕಳಿಗೆ ಇಷ್ಟವಾಗುತ್ತದೆ. ಚರ್ಚು ನೋಡಿ ನೋಡಿ ಮನೆ ನೆನಪಾದರೆ ನೀಸ್ಡನ್‌ನ ಸ್ವಾಮಿನಾರಾಯಣ ಮಂದಿರಕ್ಕೆ ಒಂದು ಬೆಳಿಗ್ಗೆ ಕೊಡಿ. 1995ರಲ್ಲಿ ತೆರೆದದ್ದು, ಬಲ್ಗೇರಿಯಾದ ಸುಣ್ಣಕಲ್ಲು, ಇಟಲಿಯ ಅಮೃತಶಿಲೆಯನ್ನು ಭಾರತಕ್ಕೆ ತಂದು ಕೆತ್ತಿಸಿ, ಲಂಡನ್ನಿಗೆ ಒಯ್ದು ಜೋಡಿಸಿದ್ದಾರೆ. ಒಳಗೆ ಫೋಟೊ ಇಲ್ಲ, ಚಡ್ಡಿ ಹಾಕಿದ ಮಕ್ಕಳಿಗೆ ಉದ್ದ ಪ್ಯಾಂಟು ಒಯ್ಯಿರಿ.

ಒಳಗೆ ಹೋದ ಮೇಲೆ

ಚಪ್ಪಲಿ ಬಿಡಬೇಡಿ. ಬಾಗಿಲಲ್ಲಿ ಬಿಡುವ ಅಭ್ಯಾಸಕ್ಕೆ ಕೈ ತಾನಾಗೇ ಬಾಗುತ್ತದೆ. ಆದರೆ ಜೂನ್‌ನಲ್ಲೂ ಆ ಕಲ್ಲುನೆಲ ಕೊರೆಯುತ್ತದೆ. ರಬ್ಬರ್ ಅಟ್ಟೆಯ ಶೂ, ದಪ್ಪ ಕಾಲುಚೀಲ ಹಾಕಿ. ಸೀರೆ ಉಡುವವರು ನೆರಿಗೆಯನ್ನು ಒಂದು ಇಂಚು ಮೇಲಕ್ಕೆ ಹಿಡಿಯಿರಿ. ಗಂಡಸರು ಟೋಪಿ ತೆಗೆಯುವುದು ರೂಢಿ, ಮಂಕಿ ಕ್ಯಾಪೂ ಸೇರಿ.

ಒಂದು ಮಾತನ್ನು ಹಿರಿಯರಿಗೆ ಮನೆಯಲ್ಲೇ ಹೇಳಿಡಬೇಕು. ಚರ್ಚಿನ ನೆಲದಲ್ಲಿ ಹೆಸರು ಕೆತ್ತಿದ ಚಪ್ಪಡಿಗಳು ಕಾಣುತ್ತವಲ್ಲ, ಅನೇಕವು ಸಮಾಧಿಯ ಮೇಲಿನ ಕಲ್ಲುಗಳು. ಜನ ಅವುಗಳ ಮೇಲೇ ಓಡಾಡುತ್ತಾರೆ, ಅದು ಅಲ್ಲಿ ಅಗೌರವವಲ್ಲ. ನಮ್ಮಲ್ಲಿ ದೇವಸ್ಥಾನದೊಳಗೆ ಹೆಣ ಹೂಳುವ ಮಾತೇ ಇಲ್ಲವಾದ್ದರಿಂದ, ಅರ್ಧ ದಾರಿಯಲ್ಲಿ ಗೊತ್ತಾದರೆ ಕೆಲವರಿಗೆ ಮನಸ್ಸು ಕಲಕುತ್ತದೆ, ಅಲ್ಲಿಂದಾಚೆ ಏನೂ ಹಿಡಿಸುವುದಿಲ್ಲ. ಮೊದಲೇ ತಿಳಿದಿದ್ದರೆ ಬದಿಯ ಸಾಲಿನಲ್ಲಿ ನಡೆಯುತ್ತಾರೆ, ಮನೆಗೆ ಬಂದು ಸ್ನಾನ ಮಾಡುತ್ತಾರೆ, ನೆಮ್ಮದಿಯಾಗಿರುತ್ತಾರೆ. ಬೇಡವೆನ್ನುವವರನ್ನು ನೆಲಮಾಳಿಗೆಗೆ ಒತ್ತಾಯಿಸಬೇಡಿ.

ಹಣ್ಣುಕಾಯಿ, ಹೂವು ಅರ್ಪಿಸುವ ಕ್ರಮವಿಲ್ಲ. ಏನಾದರೂ ಮಾಡಬೇಕೆನಿಸಿದರೆ ಮೇಣದಬತ್ತಿಯ ಸ್ಟ್ಯಾಂಡಿನ ಪಕ್ಕದ ಡಬ್ಬಿಗೆ ಕಾಣಿಕೆ ಹಾಕಿ ಒಂದು ಬತ್ತಿ ಹಚ್ಚಿ, ಯಾವ ಧರ್ಮದವರೂ ಹಚ್ಚಬಹುದು. ಬೆಳಗಿನ ಪೂಜೆಯಲ್ಲಿ ಜನ ಎದ್ದು ರೊಟ್ಟಿ-ದ್ರಾಕ್ಷಾರಸ ತೆಗೆದುಕೊಳ್ಳಲು ಸಾಲು ನಿಂತರೆ ಪ್ರಸಾದವೆಂದು ಹೋಗಿ ಕೈಯೊಡ್ಡಬೇಡಿ. ಅದು ದೀಕ್ಷೆ ಪಡೆದ ಕ್ರೈಸ್ತರಿಗೆ. ಕೂತಲ್ಲೇ ಕೂತಿರಿ, ಯಾರೂ ತಪ್ಪು ತಿಳಿಯುವುದಿಲ್ಲ.

ಗೋಪುರ ಹತ್ತುವ ಆಸೆಗೆ ಕಡಿವಾಣ ಬೇಕು. ಶ್ರವಣಬೆಳಗೊಳದ ವಿಂಧ್ಯಗಿರಿಗೆ 600ಕ್ಕೂ ಹೆಚ್ಚು ಮೆಟ್ಟಿಲು ಹತ್ತಿದವರು ಯಾರ್ಕಿನ 275 ಯಾವ ಲೆಕ್ಕ ಎನ್ನುತ್ತಾರೆ. ಬೆಟ್ಟದ ಮೆಟ್ಟಿಲು ಬಯಲಿನಲ್ಲಿದೆ, ನಡುವೆ ಕೂರಬಹುದು, ಆಗದಿದ್ದರೆ ಇಳಿಯಬಹುದು. ಗೋಪುರದ್ದು ಕತ್ತಲೆಯ ಇಕ್ಕಟ್ಟು ಸುತ್ತುಮೆಟ್ಟಿಲು, ಹಿಂದೆ ಜನ ಬರುತ್ತಿರುತ್ತಾರೆ, ನಡುವಿನಿಂದ ತಿರುಗುವುದು ಕಷ್ಟ. ಎದೆನೋವು, ಮಂಡಿನೋವು, ಸೀರೆ ಈ ಮೂರರಲ್ಲಿ ಒಂದಿದ್ದರೂ ಕೆಳಗೇ ಇರಿ.

ಸಂಜೆಯ ಹಾಡು

ಖರ್ಚಿಲ್ಲದೆ ಕೆಥೆಡ್ರಲ್ಲಿನ ಜೀವ ನೋಡಬೇಕೆಂದರೆ ಈವನ್‌ಸಾಂಗ್‌ಗೆ ಹೋಗಿ. ವಾರದ ಹೆಚ್ಚಿನ ದಿನ ಸಂಜೆ ಐದು, ಐದೂವರೆಗೆ ನಡೆಯುವ ಹಾಡಿನ ಪ್ರಾರ್ಥನೆ. ಸುಮಾರು ಮುಕ್ಕಾಲು ಗಂಟೆ. ಯಾರು ಬೇಕಾದರೂ ಬರಬಹುದು, ಟಿಕೆಟ್ ಇಲ್ಲ. ಇಪ್ಪತ್ತು ನಿಮಿಷ ಮುಂಚೆ ಹೋದರೆ ಗಾಯಕರ ಹತ್ತಿರದ ಕೆತ್ತನೆಯ ಮರದ ಆಸನಗಳಲ್ಲೇ ಕೂರಿಸುತ್ತಾರೆ. ಪಕ್ಕವಾದ್ಯ ಆರ್ಗನ್ ಒಂದೇ, ಕೆಲವು ದಿನ ಅದೂ ಇರುವುದಿಲ್ಲ. ಸಂಗೀತ ಕೇಳಿ ಬಲ್ಲ ಹಿರಿಯರು ಒಂದು ಸ್ವರ ನಿಂತ ಮೇಲೂ ಕಲ್ಲಿನ ಛಾವಣಿಯಲ್ಲಿ ಅದು ಎಷ್ಟು ಹೊತ್ತು ಉಳಿಯುತ್ತದೆಂದು ತಲೆ ಎತ್ತಿ ಕೇಳುತ್ತಾರೆ. ಅಕ್ಕಪಕ್ಕದವರು ಎದ್ದರೆ ಏಳಿ, ಕೂತರೆ ಕೂರಿ. ಫೋನ್ ಆರಿಸಿ, ಫೋಟೊ ಬೇಡ. ಗಾಯಕರಿಗೆ ಶಾಲಾ ರಜೆ ಇರುವಾಗ, ಹೆಚ್ಚಾಗಿ ಆಗಸ್ಟ್‌ನಲ್ಲಿ, ಬೇರೆ ತಂಡ ಹಾಡಬಹುದು ಅಥವಾ ಬರೀ ಪಾಠ ಓದಬಹುದು. ಹಾಡಿದೆಯೇ ಎಂದು ಅಂದಿನ ಪಟ್ಟಿಯಲ್ಲಿ ನೋಡಿಕೊಳ್ಳಿ.

ರೈಲು, ಊಟ, ಗಾಲಿಕುರ್ಚಿ

60 ದಾಟಿದವರಿಗೆ ಸೀನಿಯರ್ ರೈಲ್‌ಕಾರ್ಡ್ ಸಿಗುತ್ತದೆ, ಅಲ್ಲಿಯ ನಿವಾಸಿಯೇ ಆಗಿರಬೇಕಿಲ್ಲ. ವಯಸ್ಸಿಗೆ ಪಾಸ್‌ಪೋರ್ಟ್ ಸಾಕು. ಹೆಚ್ಚಿನ ಟಿಕೆಟ್‌ಗಳಲ್ಲಿ ಮೂರನೇ ಒಂದು ಪಾಲು ಉಳಿಯುತ್ತದೆ, ಡರ್ಹಮ್‌ನಂಥ ದೂರದ ಒಂದೆರಡು ಓಡಾಟದಲ್ಲೇ ಕಾರ್ಡಿನ ಹಣ ಹುಟ್ಟುತ್ತದೆ. ಅಡ್ವಾನ್ಸ್ ಟಿಕೆಟ್ ಅಗ್ಗ, ಆದರೆ ಬರೆದ ರೈಲಿಗೆ ಮಾತ್ರ. ಹೋಗುವಾಗ ಅಡ್ವಾನ್ಸ್ ತೆಗೆದು, ಬರುವಾಗ ದಟ್ಟಣೆಯ ಹೊತ್ತು ಬಿಟ್ಟು ಬೇರೆ ರೈಲುಗಳಿಗೆ ನಡೆಯುವ ಆಫ್-ಪೀಕ್ ತೆಗೆಯುವುದು ಒಳ್ಳೆಯದು. ಹಿರಿಯರ ಜೊತೆ ಸಂಜೆಯ ಹೊತ್ತು ನಮ್ಮ ಕೈಯಲ್ಲಿರುವುದಿಲ್ಲ.

ಊಟಕ್ಕೆ ಮನೆಯಿಂದಲೇ ಚಪಾತಿ, ಪುಳಿಯೋಗರೆ ಕಟ್ಟಿಕೊಳ್ಳಿ. ಕಟ್ಟಡದ ಒಳಗೆ ತಿನ್ನಬೇಡಿ, ಸುತ್ತಲಿನ ಹುಲ್ಲುಹಾಸಿನಲ್ಲಿ ಕೂತು ತಿನ್ನಬಹುದು. ಕೆಥೆಡ್ರಲ್‌ಗಳ ಕೆಫೆಯಲ್ಲಿ ಸಸ್ಯಾಹಾರದ ಗುರುತಿರುತ್ತದೆ. ಸೂಪು ತರಕಾರಿಯದೇ ಆದರೂ ಕುದಿಸಿದ ನೀರು ಕೋಳಿಯದಲ್ಲ ತಾನೇ ಎಂದು ಕೇಳಿಕೊಳ್ಳಿ.

ದೊಡ್ಡ ಕೆಥೆಡ್ರಲ್‌ಗಳಲ್ಲಿ ಗಾಲಿಕುರ್ಚಿ ಎರವಲು ಸಿಗುತ್ತದೆ, ಹಿಂದಿನ ದಿನ ಫೋನ್ ಮಾಡಿ ಹೇಳಿಟ್ಟರೆ ಬಾಗಿಲಲ್ಲೇ ಇಟ್ಟಿರುತ್ತಾರೆ. ಅಪ್ಪ ಬೇಡವೆಂದರೂ ಒಂದನ್ನು ತೆಗೆದುಕೊಳ್ಳಿ. ಮೊದಲ ಗಂಟೆ ಚೀಲ, ಕೋಟು ಅದರಲ್ಲಿ ಕೂರುತ್ತವೆ, ಎರಡನೇ ಗಂಟೆಯಲ್ಲಿ ಅವರೇ ಕೂರುತ್ತಾರೆ.